ಖಾಲಿ ಬಾಟಲಿಗಳಿಗೆ ಕೆಲಸ

ನೂರ ನಲವತ್ತಾರನೆಯ ಬಾಟಲಿಯ ಮೈಯಿಂದ ಹಣ್ಣಿನ ಜಾಮಿನ ಚೀಟಿ ಒಂದೇ ತುಂಡಾಗಿ ಎದ್ದು ಬಂದಾಗ ಅವನಿಗೆ ಎಷ್ಟು ಖುಷಿಯಾಯಿತೆಂದರೆ, ಭಾನುವಾರ ಬೆಳಗ್ಗೆ ಏಳೂವರೆಗೆ ಬಚ್ಚಲಿನಲ್ಲಿ ಬಕೆಟ್ಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತ ಐವತ್ತೆರಡು ವರ್ಷದ ಗಂಡಸಿಗೆ ಇಷ್ಟು ಖುಷಿಯಾಗುವುದು ಸರಿಯೇ ಎಂಬ ಅನುಮಾನವೂ ಅದರ ಬೆನ್ನಿಗೇ ಬಂತು. ಚೀಟಿ ಹಾಗೆ ಸುಮ್ಮನೆ ಏಳುವುದಿಲ್ಲ. ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಯಬೇಕು. ಉಳಿದ ಅಂಟಿಗೆ ಅಡುಗೆ ಎಣ್ಣೆಯಲ್ಲಿ ಸೋಡಾ ಪುಡಿ ಕಲಸಿ ಬಳಿದು ಹತ್ತು ನಿಮಿಷ ಬಿಡಬೇಕು, ಆಮೇಲೆ ಹಳೆಯ ಟೂತ್‌ಬ್ರಷ್ಷಿನಿಂದ ಉಜ್ಜಬೇಕು, ಅವಸರಪಟ್ಟು ಉಗುರು ಹಾಕಿದರೆ ಕೆಟ್ಟಿತು. ಮುಚ್ಚಳಕ್ಕೆ ಹಿಡಿದ ವಾಸನೆ ಬಿಸಿಲಿನದ್ದಲ್ಲದೆ ಬೇರೆ ಯಾರ ಮಾತನ್ನೂ ಕೇಳುವುದಿಲ್ಲ. ಇದನ್ನೆಲ್ಲ ಅವನು ಎರಡು ತಿಂಗಳಲ್ಲಿ ಕಲಿತದ್ದು. ಹಾಗೆ ನೋಡಿದರೆ ಈ ಎರಡು ತಿಂಗಳಲ್ಲಿ ಅವನು ಕಲಿತಷ್ಟು ವಿದ್ಯೆಯನ್ನು ಇಡೀ ಕಾಲೇಜು ಓದಿನಲ್ಲಿ ಕಲಿತಿರಲಿಲ್ಲ, ಆದರೆ ಯಾಕೆ ಕಲಿತೆ ಎಂದು ಯಾರಾದರೂ ಕೇಳಿದರೆ ಬಾಯಿಗೆ ಬೀಗ ಹಾಕಿಕೊಳ್ಳಬೇಕಾಗುತ್ತಿತ್ತು.

ಬಚ್ಚಲಿನ ಬಾಗಿಲನ್ನು ಹೆಂಡತಿ ಎರಡು ಸಲ ತಟ್ಟಿದಳು. ಅವಳು ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ರೈಲು ಎಷ್ಟು ಹೊತ್ತಿಗೆ ಎಂದು ಹೇಳುವವಳು. ಹತ್ತೊಂಬತ್ತು ವರ್ಷ ಅದನ್ನೇ ಹೇಳಿ ಹೇಳಿ, ಸಿಟ್ಟು ಬಂದಾಗ ಮನೆಯಲ್ಲೂ ಅದೇ ದನಿ ಹೊರಡುತ್ತಿತ್ತು.

"ದಯವಿಟ್ಟು ಗಮನಿಸಿ. ನಿಮ್ಮ ಅಕ್ಕನ ರೈಲು ಸರಿಯಾದ ಸಮಯಕ್ಕೆ ಹೊರಟಿದೆ. ನಾಲ್ಕು ಗಂಟೆಗೆ ಬರುತ್ತೆ. ಹಿಂದಿನ ರೂಮಲ್ಲಿರೋ ಬಾಟಲಿಗಳಲ್ಲಿ ಯಾವುದಕ್ಕೆ ಕೆಲಸ ಇದೆಯೋ ಅದು ಮನೇಲಿರುತ್ತೆ. ಕೆಲಸ ಇಲ್ಲದ್ದು ಮೂರು ಗಂಟೆಗೆ ಗುಜರಿಗೆ ಹೋಗುತ್ತೆ."

"ಎಲ್ಲಕ್ಕೂ ಕೆಲಸ ಇದೆ ಕಣೇ," ಅಂದ ಒಳಗಿನಿಂದ.

"ಎರಡು ತಿಂಗಳಿಂದ ಇದನ್ನೇ ಹೇಳ್ತಿದ್ದೀರಿ. ಇವತ್ತು ತೋರಿಸಿ."

ಎರಡು ತಿಂಗಳಿಂದ. ಫೋನು ಬಂದದ್ದು ಒಂದು ಮಂಗಳವಾರ, ಅವನು ಅದೇ ಹಿಂದಿನ ರೂಮಿನಲ್ಲಿ ಮೊಳೆ ಹುಡುಕುತ್ತ ನಿಂತಿದ್ದ. ಅಕ್ಕ ಯಾವುದನ್ನೂ ನೇರವಾಗಿ ಕೇಳುವವಳಲ್ಲ. ತಾನಿರುವ ಕಟ್ಟಡವನ್ನು ಕೆಡವುತ್ತಾರಂತೆ ಎಂದಳು, ಮೆಟ್ಟಿಲು ಹತ್ತುವಾಗ ಮಂಡಿ ಕಟಕಟ ಅನ್ನುತ್ತದೆ ಎಂದಳು, ಆಮೇಲೆ ಬೇರೆ ಯಾರದೋ ವಿಷಯ ಎಂಬಂತೆ, "ನಿಮ್ಮ ಹಿಂದಿನ ರೂಮು ಖಾಲಿ ಇದೆಯೇನೋ?" ಎಂದಳು. ಅವನ ಕಣ್ಣ ಮುಂದೆ ಕಪಾಟಿನ ಮೇಲೆ ಕಾಫಿಪುಡಿಯ ಖಾಲಿ ಬಾಟಲಿಗಳಿದ್ದವು. "ಇಲ್ಲ ಅಕ್ಕ, ರೂಮು ತುಂಬ ಗಾಜಿನ ಬಾಟಲಿ. ಅದರದ್ದೊಂದು ಕೆಲಸ ಮಾಡ್ತಿದ್ದೀನಿ. ಕಾಲಿಡೋಕೆ ಜಾಗ ಇಲ್ಲ," ಅಂದುಬಿಟ್ಟ. "ಹೌದಾ, ಒಳ್ಳೇದಾಯ್ತು, ಮಾಡು ಮಾಡು," ಅಂದಳು ಅಕ್ಕ. ಫೋನಿಟ್ಟ ಮೇಲೆ ಅವನು ಎಣಿಸಿದ. ಹನ್ನೊಂದು.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ಹೇಳಿದ ಸುಳ್ಳು ಹೇಳಿದಲ್ಲೇ ಇರುತ್ತಿತ್ತು. ಆದರೆ ಅವನು ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದ ಉಗ್ರಾಣ ನೋಡಿಕೊಳ್ಳುವವನು, ಅಲ್ಲಿ ಎಲ್ಲರೂ ಅವನನ್ನು ಕರೆಯುವುದೇ ಉಗ್ರಾಣಿ ಎಂದು. ದಾಸ್ತಾನು ಪುಸ್ತಕದಲ್ಲಿ ನಲವತ್ತು ಗಾಜಿನ ಕೊಳವೆ ಎಂದಿದ್ದು ಕಪಾಟಿನಲ್ಲಿ ಮೂವತ್ತೆಂಟಿದ್ದರೆ ಪುಸ್ತಕ ತಿದ್ದುವ ಹಾಗಿಲ್ಲ. ಎರಡು ಕೊಳವೆಯನ್ನು ಎಲ್ಲಿಂದಾದರೂ ಹುಡುಕಿ ತಂದು ನಿಲ್ಲಿಸಬೇಕು. ಇಪ್ಪತ್ತೇಳು ವರ್ಷ ಇದನ್ನೇ ಮಾಡಿದವನಿಗೆ ಬಾಯಿಂದ ಬಿದ್ದ ಮಾತೂ ಪುಸ್ತಕಕ್ಕೆ ಏರಿದ ಹಾಗೇ ಅನಿಸಿತು. ರೂಮು ತುಂಬ ಎಂದಾಗಿದೆ, ಇನ್ನು ತುಂಬಬೇಕು. ಮರುದಿನವೇ ಚೀಲ ಹಿಡಿದು ಹೊರಟ. ಕಾಫಿಯಿಲ್ಲದೆ ಕಣ್ಣು ಬಿಡದ ಗ್ರಂಥಪಾಲಕಿ, ಪಕ್ಕದ ಮನೆಯ ಹಲ್ಲಿನ ಡಾಕ್ಟರು, ಬೀದಿಯ ತುದಿಯ ಬ್ರೆಡ್ಡಿನ ಅಂಗಡಿ, ಎಲ್ಲರ ಮುಂದೆಯೂ ಹಲ್ಲು ಕಿರಿದು ನಿಂತ. ಕ್ಯಾಂಟೀನಿನಲ್ಲಿ ಊಟದ ಹೊತ್ತಿಗೆ, ನೂರು ಜನ ವಿದ್ಯಾರ್ಥಿಗಳ ನಡುವೆ, ಮ್ಯಾನೇಜರು ಕೈಯೆತ್ತಿ, "ಉಗ್ರಾಣಿಗಳೇ, ನಿಮ್ಮ ಎಂಜಲು ಬಾಟಲಿ ರೆಡಿ" ಎಂದು ಕೂಗಿದಾಗ ಮುಖ ಸಣ್ಣದು ಮಾಡಿಕೊಂಡು ಎದ್ದು ಹೋಗಿ, ಏಳು ಸಾಸಿನ ಬಾಟಲಿಗಳನ್ನು ಎದೆಗವಚಿಕೊಂಡು ಬಂದಿದ್ದ. ಅವಮಾನವಾಗಿರಲಿಲ್ಲ ಎಂದಲ್ಲ. ಆದರೆ ಬಾಗಿಲ ಬಳಿ ಬರುವಷ್ಟರಲ್ಲಿ ಅವಮಾನ ಹೋಗಿ ಏಳು ಎಂಬ ಸಂಖ್ಯೆ ಮಾತ್ರ ಉಳಿದು, ಅದು ಒಳಗೇ ಕಚಗುಳಿ ಇಡುತ್ತಿತ್ತು.

ಮತ್ತೆ, ಅಕ್ಕನ ಮೇಲೆ ಅವನಿಗೆ ದ್ವೇಷವಿತ್ತೇ ಎಂದರೆ ಎಲ್ಲಿಯ ದ್ವೇಷ. ತಾಯಿ ಹೋದ ಮೇಲೆ ಅವನನ್ನು ಮನುಷ್ಯನನ್ನಾಗಿ ಮಾಡಿದವಳೇ ಅವಳು. ಶರ್ಟಿನ ಕಾರ್ಖಾನೆಯಲ್ಲಿ ದಿನವಿಡೀ ಕಾಲರು ಹೊಲಿದು, ಕೂದಲ ತುಂಬ ದಾರದ ಚೂರು ಮೆತ್ತಿಕೊಂಡು ಮನೆಗೆ ಬಂದು, ಅವನ ಅಂಗಿಯ ಸವೆದ ಕಾಲರನ್ನು ಬಿಚ್ಚಿ ಮಗುಚಿ ಹೊಲಿಯುತ್ತಿದ್ದಳು. ಅದು ಹೊಸದಲ್ಲ ಎಂದು ಶಾಲೆಯಲ್ಲಿ ಒಬ್ಬನಿಗೂ ಗೊತ್ತಾಗುತ್ತಿರಲಿಲ್ಲ. ತೊಂದರೆ ಏನೆಂದರೆ, ಮಗುಚಿದ್ದು ಅವಳಿಗೆ ಮಾತ್ರ ಗೊತ್ತಿತ್ತು. ಅವಳೆದುರಿಗೆ ಅವನ ಮೀಸೆ ಅಂಟಿಸಿದ ಮೀಸೆಯಾಗಿಬಿಡುತ್ತಿತ್ತು. ಹೋದ ವರ್ಷ ನಾಲ್ಕು ದಿನಕ್ಕೆಂದು ಬಂದವಳು ಅವನ ಅಂಗಿಗಳನ್ನೆಲ್ಲ ಮತ್ತೆ ಮಡಚಿಟ್ಟಳು, ಒಂಬತ್ತು ವರ್ಷದವರೆಗೆ ಹಾಸಿಗೆ ಒದ್ದೆ ಮಾಡುತ್ತಿದ್ದನೆಂದು ಅವನ ಮಗಳಿಗೆ ಹೇಳಿದಳು, ಚಹಾಕ್ಕೆ ಬಂದ ವಿಭಾಗದ ಮುಖ್ಯಸ್ಥರ ಮುಂದೆ ತಟ್ಟೆ ಇಡುತ್ತ ಪ್ರೀತಿಯಿಂದ, "ಇವನಿಗೆ ಲೆಕ್ಕ ಬರಲ್ಲ ಸರ್, ಈಗಲೂ ಬೆರಳು ಎಣಿಸ್ತಾನೆ," ಎಂದಳು. ಅವತ್ತಿನಿಂದ ಪ್ರತಿ ದಾಸ್ತಾನು ತಪಾಸಣೆಯಲ್ಲೂ ಮುಖ್ಯಸ್ಥರು ಪುಸ್ತಕ ನೋಡುವುದನ್ನು ಬಿಟ್ಟು ಅವನ ಬೆರಳು ನೋಡುತ್ತಾರೆ. ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಅಲ್ಲೇ ಎಣಿಸುತ್ತಾನೆ. ನಾಲ್ಕು ದಿನಕ್ಕೆ ಇಷ್ಟಾದರೆ, ಇನ್ನು ಉಳಿದ ಆಯುಷ್ಯಕ್ಕೆ ಎಷ್ಟಾದೀತು ಎಂಬ ಲೆಕ್ಕ ಬೆರಳಿನಲ್ಲಿ ಮುಗಿಯುವುದಲ್ಲ. ಹಾಗಾಗಿ ಬಾಟಲಿ. ಆದರೆ ಹೋದ ವಾರ ಹೆಂಡತಿ ತಾನಾಗಿಯೇ ಅವಳಿಗೆ ಫೋನು ಮಾಡಿದ್ದಳು. ಅಕ್ಕ, "ಅವನ ಬಾಟಲಿ ಕೆಲಸ ಮುಗೀತಾ?" ಎಂದು ಕೇಳಿದ್ದಳಂತೆ. "ಭಾನುವಾರಕ್ಕೆ ಮುಗಿಯುತ್ತೆ, ನೀವು ಬನ್ನಿ ಅತ್ತಿಗೆ," ಎಂದು ಹೆಂಡತಿ ಅಲ್ಲೇ ತೀರ್ಮಾನ ಕೊಟ್ಟಿದ್ದಳು.

ಹಿಂದಿನ ರೂಮಿನಲ್ಲಿ ಬಾಟಲಿಗಳು ಗೋಡೆಯುದ್ದಕ್ಕೂ ಮೂರು ಸಾಲಿನಲ್ಲಿ, ಮಡಚುವ ಮಂಚದ ಮೇಲೆ, ಕಿಟಕಿಯ ಅಡಿಯಲ್ಲಿ ನಿಂತಿದ್ದವು. ಬೆಳಗಿನ ಬಿಸಿಲು ಒಳಗೆ ಬಂದು ಎಲ್ಲಿಂದ ಹೊರಗೆ ಹೋಗಬೇಕೆಂದು ತಿಳಿಯದೆ ಅವುಗಳ ನಡುವೆಯೇ ಓಡಾಡುತ್ತಿತ್ತು. ಹದಿನಾರು ವರ್ಷದ ಮಗಳು ಹಲ್ಲುಜ್ಜುತ್ತಲೇ ಬಾಗಿಲಲ್ಲಿ ಬಂದು ನಿಂತು, ಇದನ್ನೊಮ್ಮೆ ನೋಡಿ, ಬಾಯಿ ತೊಳೆದು, ಒಂದು ನೋಟುಬುಕ್ಕು ತಂದು ಕುರ್ಚಿ ಹಾಕಿಕೊಂಡಳು. "ಉದ್ಯೋಗ ವಿನಿಮಯ ಕೇಂದ್ರ ಶುರುವಾಯ್ತು. ಒಬ್ಬೊಬ್ಬರಾಗಿ ಬನ್ನಿ."

ಅವನು ಒಂದು ಬಾಟಲಿಯನ್ನು ಅವಳ ಮುಂದೆ ಇಟ್ಟ.

"ಹೆಸರು?"

"ಜೇನುತುಪ್ಪ. ಅರ್ಧ ಕಿಲೋ," ಅಂದ ಬಾಟಲಿಯ ಪರವಾಗಿ.

"ಅನುಭವ?"

"ಒಂದು ವರ್ಷ ಅಡುಗೆಮನೆ, ಒಂದೂವರೆ ತಿಂಗಳು ನಿರುದ್ಯೋಗ."

"ಬಾಯಿ ಸಣ್ಣದು, ಗುಟ್ಟು ಬಿಡಲ್ಲ ಅನ್ಸುತ್ತೆ. ಅಂಗಿಗುಂಡಿ ವಿಭಾಗಕ್ಕೆ ಹಾಕ್ತೀನಿ. ಮುಂದಿನವರು."

ಅಲ್ಲಿಂದ ಮುಂದೆ ಅವನಿಗೆ ಕಾಲು ನೆಲಕ್ಕೆ ತಾಗಿದ ನೆನಪಿಲ್ಲ. ಜೇನಿನ ಬಾಟಲಿಗೆ ಗುಂಡಿ ಸುರಿದು, ಮುಚ್ಚಳದ ಮೇಲೆ ಹತ್ತಿಯ ಉಂಡೆಯನ್ನು ಬಟ್ಟೆಯಲ್ಲಿ ಸುತ್ತಿ ಅಂಟಿಸಿದಾಗ ಸೂಜಿ ಚುಚ್ಚಿಡಲು ಮೆತ್ತೆಯೂ ಆಯಿತು. ಒಂದೇ ಬಾಟಲಿಗೆ ಎರಡು ಕೆಲಸ. ಮೊಳೆಗೊಂದು, ಸ್ಕ್ರೂಗೊಂದು, ಯಾವುದಕ್ಕೂ ಹೊಂದದ ಕೀಲಿಗಳಿಗೊಂದು. ಕಪಾಟಿನ ಹಲಗೆಯ ಅಡಿಗೆ ಆರು ಮುಚ್ಚಳಗಳನ್ನು ತಲೆಕೆಳಗಾಗಿ ಸ್ಕ್ರೂ ಹೊಡೆದು ಕೂರಿಸಿ, ಕೆಳಗಿನಿಂದ ಬಾಟಲಿ ತಿರುಗಿಸಿದರೆ ಅದು ಅಲ್ಲೇ ಕಚ್ಚಿ ನೇತಾಡುತ್ತದೆ, ಒಂದಿಂಚು ಜಾಗವೂ ಹಾಳಿಲ್ಲ. ಇದನ್ನು ಕಂಡು ಮಗಳು ಕುರ್ಚಿಯಿಂದ ಎದ್ದು ನಿಂತಳು. ಮುಚ್ಚಳದ ನಡುವೆ ಮೊಳೆಯಿಂದ ತೂತು ಮಾಡಿ, ಚೂಪು ಅಂಚನ್ನು ಸುತ್ತಿಗೆಯಿಂದ ತಟ್ಟಿ, ಒಳಗೆ ದಾರದ ಉಂಡೆ ಇಟ್ಟು ತುದಿಯನ್ನು ಹೊರಗೆಳೆದರೆ ದಾರ ಸಿಕ್ಕಾಗುವುದಿಲ್ಲ. ಏಳೆಂಟು ತೂತು ಮಾಡಿದರೆ ಉಪ್ಪು ಉದುರಿಸುವ ಡಬ್ಬಿ. ಈರುಳ್ಳಿ ಸೊಪ್ಪಿನ ಬೇರಿನ ತುದಿಗಳನ್ನು ಎರಡು ಬೆರಳು ನೀರಿನಲ್ಲಿ ನಿಲ್ಲಿಸಿ ಕಿಟಕಿಗೆ. ಕಾಳು ನೆನೆಹಾಕಿ, ಬಾಯಿಗೆ ತೆಳುಬಟ್ಟೆ ಕಟ್ಟಿ, ನೀರು ಬಸಿದು ಓರೆಯಾಗಿ ಮಲಗಿಸಿದರೆ ಎರಡು ದಿನಕ್ಕೆ ಮೊಳಕೆ. ಪೆನ್ಸಿಲ್ಲಿಗೆ, ಬ್ರಷ್ಷಿಗೆ, ಹತ್ತಿಗೆ, ಸ್ನಾನದ ಸೋಪಿನ ಉಳಿದ ಚೂರುಗಳಿಗೆ. ತಗ್ಗು ಬಾಟಲಿಯೊಳಗೆ ಮರಳು ಹಾಕಿ ಮೇಣದಬತ್ತಿ ಊರಿದರೆ ಗಾಳಿಗೂ ಆರದ ದೀಪ. ಮಗಳು ತನ್ನ ಫೋನನ್ನು ಅಗಲ ಬಾಯಿಯ ಬಾಟಲಿಯಲ್ಲಿ ಇಳಿಬಿಟ್ಟು ಹಾಡು ಹಾಕಿದಳು. ಹಾಡು ಇಮ್ಮಡಿ ದೊಡ್ಡದಾಗಿ ಮನೆಯನ್ನೆಲ್ಲ ತುಂಬಿತು. ಬಯ್ಯಲೆಂದೇ ಬಂದ ಹೆಂಡತಿ ಬಾಟಲಿಯನ್ನು ಕೈಗೆತ್ತಿಕೊಂಡು, ಒಳಗೆ ಬಾಯಿಟ್ಟು, "ಎರಡನೇ ಪ್ಲಾಟ್‌ಫಾರ್ಮಿನಲ್ಲಿ ಹುಚ್ಚರಿಬ್ಬರು ಇದ್ದಾರೆ, ಪ್ರಯಾಣಿಕರು ಹುಷಾರು," ಎಂದಳು. ತನ್ನ ದನಿ ಹಾಗೆ ಗುಡುಗಿದ್ದಕ್ಕೆ ತಾನೇ ಬೆಚ್ಚಿ, ನಗು ತಡೆಯಲಾಗದೆ ಗೋಡೆ ಹಿಡಿದುಕೊಂಡಳು.

ಆಮೇಲೆ ಅವಳೂ ಸೇರಿಕೊಂಡಳು. ಬಾಗಿಲಿಗೆ ಬಳಿದು ಉಳಿದ ಬಣ್ಣ ದೊಡ್ಡ ಡಬ್ಬದಲ್ಲಿ ಕೆನೆಗಟ್ಟುತ್ತಿತ್ತು, ಅದನ್ನು ಸಣ್ಣ ಬಾಟಲಿಗೆ ಕುತ್ತಿಗೆಯವರೆಗೆ ತುಂಬಿಸಿದಳು. ಒಳಗೆ ಗಾಳಿಯಿಲ್ಲದಿದ್ದರೆ ಬಣ್ಣ ಒಣಗುವುದಿಲ್ಲ. ಸಾರು ಹಾಕಿ ಫ್ರೀಜರಿನಲ್ಲಿ ಇಡಲು ನಾಲ್ಕನ್ನು ಆರಿಸಿದಳು, ಮೇಲೆ ಎರಡು ಬೆರಳು ಜಾಗ ಬಿಡಬೇಕು, ಇಲ್ಲದಿದ್ದರೆ ಹೆಪ್ಪುಗಟ್ಟಿ ಒಡೆಯುತ್ತದೆ ಎಂದು ಅವನಿಗೇ ಪಾಠ ಹೇಳಿದಳು. ಬಿಸಿಯದನ್ನು ಸುರಿಯುವಾಗ ಗಾಜು ಸೀಳದಿರಲು ಮೊದಲು ಸ್ಟೀಲಿನ ಚಮಚ ಇಳಿಸಬೇಕೆಂದು ಅವನು ತಿರುಗಿ ಪಾಠ ಹೇಳಿದ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಇಬ್ಬರೂ ಇಷ್ಟು ಉತ್ಸಾಹದಿಂದ ಮಾತಾಡಿದ್ದು ಯಾವಾಗ ಎಂದು ಅವನಿಗೆ ನೆನಪಾಗಲಿಲ್ಲ. ಇದು ಸುಳ್ಳಿನಿಂದ ಹುಟ್ಟಿದ ಖುಷಿ ಎಂದು ಗೊತ್ತಿತ್ತು, ಗೊತ್ತಿದ್ದೂ ಖುಷಿ ಕಡಿಮೆಯಾಗುತ್ತಿರಲಿಲ್ಲ. ಅದೊಂದು ನಾಚಿಕೆಯೇ ಇಲ್ಲದ ಖುಷಿ. ಮಧ್ಯಾಹ್ನ ನಿಂತೇ ಬ್ರೆಡ್ಡು ತಿಂದರು, ನೀರನ್ನೂ ಬಾಟಲಿಯಲ್ಲೇ ಕುಡಿದರು. ಮಗಳು ಪಟ್ಟಿ ಓದಿದಳು: ಅಡುಗೆಮನೆ ಅರವತ್ತೆರಡು, ಬಚ್ಚಲು ಒಂಬತ್ತು, ಮೆಟ್ಟಿಲ ಕೆಳಗೆ ಇಪ್ಪತ್ತೈದು, ಕಿಟಕಿಗಳು ಹದಿನೆಂಟು, ತನ್ನ ಮೇಜು ಏಳು, ಅಮ್ಮನ ಕಪಾಟು ಹನ್ನೆರಡು, ಹಲ್ಲಿನ ಡಾಕ್ಟರಿಗೆ ಮರಳಿ ಹತ್ತು, ಇನ್ನು ಮೂರು. "ಆ ಮೂರಕ್ಕೆ ಹೂವು ಹಾಕಿ ಅತ್ತೆ ಬಂದಾಗ ಬಾಗಿಲ ಹತ್ರ ಇಡೋಣ. ನಿರುದ್ಯೋಗ ಸೊನ್ನೆ."

ಹೆಂಡತಿ ಅಕ್ಕನನ್ನು ಕರೆತರಲು ರೈಲು ನಿಲ್ದಾಣಕ್ಕೆ ಹೊರಟಳು, ಮಗಳು ಹೂವು ತರಲು ಹೋದಳು. ಕೈ ಒರೆಸಿಕೊಳ್ಳುತ್ತ, ಏನೋ ಗುನುಗುತ್ತ, ಅವನು ಹಿಂದಿನ ರೂಮಿನ ಬಾಗಿಲು ತಳ್ಳಿದ. ನೆಲ ಕಂಡಿತು. ಇಡೀ ನೆಲ. ಗುಡಿಸಿ ಒರೆಸಿದ್ದರು, ಯಾರು ಒರೆಸಿದರೋ, ಬಹುಶಃ ಅವನೇ. ಮಂಚ ಬಿಡಿಸಿತ್ತು, ಕಿಟಕಿಯ ಅಡಿಯಲ್ಲಿ ಬರಿಯ ಬಿಸಿಲು ಬಿದ್ದಿತ್ತು. ಬೆಳಗ್ಗೆಯಿಂದ ಒಂದೊಂದು ಬಾಟಲಿಗೂ ಕೆಲಸ ಹುಡುಕಿ ಹೊರಗೆ ಕಳಿಸುತ್ತ ಕಳಿಸುತ್ತ, ಎರಡು ತಿಂಗಳು ಮೈಮುರಿದು ಕಟ್ಟಿದ ಗೋಡೆಯನ್ನು ತನ್ನ ಕೈಯಾರೆ ಕೆಡವಿದ್ದೇನೆಂದು ಅವನಿಗೆ ಈಗ ಹೊಳೆಯಿತು. ಇಂಗು ತಿಂದ ಮಂಗನ ಹಾಗೆ ನಿಂತ. ಅಕ್ಕ ಇನ್ನು ಒಂದು ಗಂಟೆಯಲ್ಲಿ ಈ ಮಂಚದ ಮೇಲೆ ಕೂರುತ್ತಾಳೆ. ನಾಳೆ ಅವನ ಅಂಗಿ ಮಡಚುತ್ತಾಳೆ. ನಾಡಿದ್ದು ಮುಖ್ಯಸ್ಥರು ಚಹಾಕ್ಕೆ ಬರುತ್ತಾರೆ. ತಾನೇನು ಮಾಡುತ್ತಿದ್ದೇನೆಂದು ಯೋಚಿಸದೆ ಅಡುಗೆಮನೆಗೆ ಹೋಗಿ, ಕಾಳಿದ್ದ ಎರಡು ಬಾಟಲಿಗಳನ್ನು ಮತ್ತೆ ಪಾತ್ರೆಗೆ ಸುರಿದು, ಖಾಲಿ ಮಾಡಿ, ತಂದು ರೂಮಿನ ನಡುವೆ ಇಟ್ಟ. ಇನ್ನೆರಡು ತಂದ. ಐದನೆಯದು ಕೈಯಲ್ಲಿದ್ದಾಗ ಮಗಳು ಹೂವು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಅಪ್ಪ, ಅವಕ್ಕೆ ಕೆಲಸ ಸಿಕ್ಕಿತ್ತಲ್ಲ."

"ಗಾಳಿಗೆ ಇಡ್ತಿದ್ದೀನಿ."

ಅವಳು ನೆಲದ ಮೇಲಿನ ನಾಲ್ಕನ್ನೂ, ಅವನ ಕೈಯಲ್ಲಿದ್ದ ಐದನೆಯದನ್ನೂ ನೋಡಿದಳು. "ಅತ್ತೆ ಬರೋದು ನಿಂಗೆ ಇಷ್ಟ ಇಲ್ವಾ?"

"ಛೆ, ಏನು ಮಾತೂಂತ ಆಡ್ತೀಯ," ಅಂದ. ಮಾತು ಸರಿಯಾಗಿಯೇ ಹೊರಬಂತು, ಆದರೆ ಕಿವಿ ಬಿಸಿಯಾಯಿತು. ಮಗಳು ಹೂವನ್ನು ಮಂಚದ ಮೇಲಿಟ್ಟು, ನಾಲ್ಕು ಬಾಟಲಿಗಳನ್ನೂ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಐದನೆಯದನ್ನು ಅವನು ತಾನೇ ಹೋಗಿ ಇಟ್ಟು ಬಂದ. ತನ್ನ ಮಗಳ ಮುಂದೆ ಇಷ್ಟು ಪೆಚ್ಚಾಗಿದ್ದು ಇದೇ ಮೊದಲು, ಮತ್ತು ಅದಕ್ಕೆ ಅಕ್ಕ ಮನೆಗೆ ಬರಬೇಕಾಗಿಯೂ ಇರಲಿಲ್ಲ.

ನಾಲ್ಕೂಕಾಲಿಗೆ ಟ್ಯಾಕ್ಸಿ ನಿಂತಿತು. ಅಕ್ಕ ಇಳಿದಳು, ಹೋದ ವರ್ಷಕ್ಕಿಂತ ಒಂದು ಗೇಣು ಗಿಡ್ಡವಾಗಿದ್ದಾಳೆ ಎನಿಸಿತು. ಅವನನ್ನು ನೋಡಿದವಳೇ ಗಲ್ಲ ಹಿಡಿದು ಕಿವಿಯ ಹಿಂದೆ ಕಣ್ಣಾಡಿಸಿ, "ಸೊರಗಿದ್ದೀಯ" ಎಂದಳು. ಟ್ಯಾಕ್ಸಿಯವನು ಡಿಕ್ಕಿಯಿಂದ ಪೆಟ್ಟಿಗೆಯನ್ನು ಇಳಿಸಲು ಹೋಗಿ, "ಏನಮ್ಮ, ಒಳಗೆ ಕಲ್ಲು ತುಂಬಿದೀರಾ?" ಎಂದ. "ಮೆಲ್ಲಗೆ, ಮೆಲ್ಲಗೆ," ಎಂದಳು ಅಕ್ಕ. ಅವನೂ ಹೆಂಡತಿಯೂ ಎರಡು ಕಡೆ ಹಿಡಿದು ಹಿಂದಿನ ರೂಮಿಗೆ ಒಯ್ದು ಮಂಚದ ಮೇಲಿಟ್ಟರು. ಪೆಟ್ಟಿಗೆಯೊಳಗೆ ಎಲ್ಲೋ ಒಂದು ಸಣ್ಣ ಸದ್ದಾಯಿತು. ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಆದರೂ ಗೊತ್ತಿಲ್ಲವೆಂದು ಅಂದುಕೊಂಡ.

ಅಕ್ಕ ಮಂಚದ ತುದಿಯಲ್ಲಿ ಕೂತು ಪೆಟ್ಟಿಗೆ ತೆರೆದಳು. ಕಂದು ಬಣ್ಣದ ಸ್ವೆಟರೊಂದನ್ನು ಎತ್ತಿ, ತೋಳು ಬಿಡಿಸಿದಳು. ಒಳಗಿನಿಂದ ಒಂದು ಗಾಜಿನ ಬಾಟಲಿ ಬಂತು. ಇನ್ನೊಂದು ತೋಳಿನಿಂದ ಇನ್ನೊಂದು. ಟವೆಲ್ಲಿನೊಳಗೆ ಮೂರು, ಶಾಲಿನ ಮಡಿಕೆಯಲ್ಲಿ ನಾಲ್ಕು, ಉಣ್ಣೆಯ ಕಾಲುಚೀಲಗಳಲ್ಲಿ ಸಾಸಿವೆ ಡಬ್ಬಿಯಷ್ಟು ಸಣ್ಣವು. ಒಂದರ ಮೇಲೂ ಚೀಟಿಯಿರಲಿಲ್ಲ, ಅಂಟಿರಲಿಲ್ಲ. ಪ್ರತಿ ಬಾಟಲಿಯ ಕುತ್ತಿಗೆಗೂ, ಅದರ ಮುಚ್ಚಳಕ್ಕೂ ಒಂದೇ ಬಣ್ಣದ ದಾರ ಕಟ್ಟಿತ್ತು.

"ಮುಚ್ಚಳ ತಪ್ಪಬಾರದಲ್ಲ, ಅದಕ್ಕೆ," ಎಂದಳು. "ಬಾಟಲಿ ಕೆಲಸ ಅಂದೆಯಲ್ಲ ನೀನು. ಏನು ಕೆಲಸ ಅಂತ ನಂಗೇನು ಗೊತ್ತಾಗುತ್ತೆ. ಕಾರ್ಖಾನೆಯ ನನ್ನ ಹಳೇ ಗೆಳತಿಯರಿಗೆಲ್ಲ ಹೇಳಿಟ್ಟಿದ್ದೆ. ಮೂವತ್ತೆಂಟು ಆಯ್ತು. ಒಂದೂ ಒಡೆದಿಲ್ಲ ನೋಡು."

"ಅತ್ತಿಗೆ, ನಿಮ್ಮ ಹೊಲಿಗೆ ಮಿಷನ್ ಎಲ್ಲಿ?" ಹೆಂಡತಿ ಬಾಗಿಲಿನಿಂದ ಕೇಳಿದಳು. "ತರ್ತೀನಿ ಅಂದಿದ್ರಿ."

"ಕೆಳಗಿನ ಮನೆಯವಳ ಹತ್ರ ಬಿಟ್ಟು ಬಂದೆ. ಬೇಕಾದ್ರೆ ನೀನೇ ಇಟ್ಕೋ ಅಂದೆ. ಎರಡನ್ನೂ ಹೊರೋಕೆ ಆಗಲ್ಲ ಕಣೇ, ಮಂಡಿ." ಅಕ್ಕ ರೂಮನ್ನು ಸುತ್ತ ನೋಡಿದಳು. "ಇದೇನೋ, ಎಲ್ಲಾ ತೆಗೆದುಬಿಟ್ಟಿದ್ದೀಯ. ನಂಗೋಸ್ಕರ ಕೆಲಸ ನಿಲ್ಲಿಸಬೇಡಪ್ಪ. ನಾನು ಹಾಲಿನಲ್ಲಿ ಒಂದು ಮೂಲೇಲಿ ಇರ್ತೀನಿ."

ಅವನಿಗೆ ಅಳು ಬಂತು. ಜೊತೆಗೇ, ಎಲ್ಲಿಂದಲೋ, ನಗುವೂ ಬರುತ್ತಿತ್ತು, ಮೂವತ್ತೆಂಟು ಬಾಟಲಿ ಸ್ವೆಟರು ಹಾಕಿಕೊಂಡು ರೈಲಿನಲ್ಲಿ ಬಂದಿವೆ ಎಂದು. ಎರಡನ್ನೂ ಒಟ್ಟಿಗೆ ನುಂಗಲು ನೋಡಿ ಆಗದೆ ನೆಲದ ಮೇಲೆ, ಅಕ್ಕನ ಕಾಲಿನ ಹತ್ತಿರ ಕೂತುಬಿಟ್ಟ.

"ಅಕ್ಕ, ನೀನು ಫೋನ್ ಮಾಡಿದ ದಿನ ಈ ರೂಮಲ್ಲಿ ಇದ್ದದ್ದು ಹನ್ನೊಂದೇ ಬಾಟಲಿ."

"ಮಿಕ್ಕಿದ್ದು?"

"ಆಮೇಲೆ ತಂದು ತುಂಬಿಸಿದ್ದು."

ಅಕ್ಕನ ಕೈ ಒಂದು ಕಾಲುಚೀಲದೊಳಗೆ ನಿಂತಿತು. ಹೆಂಡತಿ ಅವನನ್ನೇ ನೋಡುತ್ತಿದ್ದಳು, ಮಗಳು ನೋಡುತ್ತಿಲ್ಲ ಎಂಬ ಹಾಗೆ ನಟಿಸುತ್ತ ನೋಡುತ್ತಿದ್ದಳು. ಆಮೇಲೆ ಅಕ್ಕನ ಭುಜ ಅಲ್ಲಾಡತೊಡಗಿತು. ಅಳುತ್ತಿದ್ದಾಳೆಂದುಕೊಂಡ. ಅವಳು ನಗುತ್ತಿದ್ದಳು.

"ಬರಬೇಡ ಅನ್ನೋ ಒಂದು ಮಾತಿಗೆ ಅಷ್ಟೊಂದು ಬಾಟಲಿ ತೊಳೆದೆಯೇನೋ?"

"ನೂರ ನಲವತ್ತಾರು," ಅಂದಳು ಮಗಳು. ಅಷ್ಟಕ್ಕೆ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದರೂ ನಗು ಬೆರಳಿನ ಸಂದಿಯಿಂದ ಹೊರಗೆ ಬಂತು. ಅವನೂ ನಕ್ಕ, ಕಣ್ಣು ಮೂಗು ಎರಡೂ ಸುರಿಯುತ್ತಿದ್ದವು, ಅಕ್ಕ ಕಾಲುಚೀಲದಿಂದಲೇ ಅವನ ಮೂಗು ಒರೆಸಿದಳು. ಹೆಂಡತಿ ಮಗಳು ಇಬ್ಬರ ಮುಂದೆಯೇ. ಅವನು ಒರೆಸಿಸಿಕೊಂಡ.

"ಹೇಳಿದ್ದರೆ ನಾನು ಬರ್ತಾನೇ ಇರಲಿಲ್ಲ ಕಣೋ," ಅಂದಳು ಅಕ್ಕ. ಈಗ ಅವಳು ನಗುತ್ತಿರಲಿಲ್ಲ.

"ಅದಕ್ಕೇ ಹೇಳಲಿಲ್ಲ."

ಅಂದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಈ ಉತ್ತರವನ್ನು ಅವನು ಯೋಚಿಸಿರಲಿಲ್ಲ. ಎರಡು ತಿಂಗಳು ಬೀದಿ ಬೀದಿ ತಿರುಗುವಾಗಲೂ ಇದು ಅವನಿಗೆ ಗೊತ್ತಿರಲಿಲ್ಲ. ಆದರೆ ಸುಳ್ಳಾಗಿರಲಿಲ್ಲ. ಅಕ್ಕ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಕಾಲರಿನ ಹೊಲಿಗೆ ನೇರವಾಗಿದೆಯೇ ಎಂದು ನೋಡುತ್ತಿದ್ದದ್ದು ಹೀಗೆಯೇ.

"ಹಾಗಾದ್ರೆ ನಾಳೆ ಹೋಗಿ ನನ್ನ ಮಿಷನ್ ವಾಪಸ್ ತಗೊಂಡು ಬಾ," ಎಂದಳು. "ಅವಳು ಸೂಜಿ ಮುರಿಯೋಕೆ ಮುಂಚೆ."

"ಬೆಳಗ್ಗೆ ಆರು ಹತ್ತಕ್ಕೆ ಒಂದು ರೈಲಿದೆ," ಎಂದಳು ಹೆಂಡತಿ, ಮನೆಯ ದನಿಯಲ್ಲಿ.

ಅವನು ಎದ್ದು ಕಿಟಕಿಯ ಅಡಿಗೆ ಹೋಗಿ, ಗೋಡೆಗೆ ಕೈ ಊರಿ, ಮಿಷನ್ ಇಡುವ ಜಾಗವನ್ನು ಗೇಣು ಹಾಕಿ ಅಳೆದ. ಒಂದು, ಎರಡು, ಮೂರು. ಎಲ್ಲರೂ ನೋಡುತ್ತಿದ್ದಂತೆಯೇ ಇನ್ನೊಂದು ಕೈಯ ಬೆರಳು ಮಡಚಿ ಎಣಿಸಿದ. ಮೂರೂವರೆ ಗೇಣು.

"ಸಾಕು," ಎಂದಳು ಅಕ್ಕ.